ಅಂಗೈಯಗಲದ ಚಿತ್ರ, ಬೆರಳುದ್ದದ ಶಿಲ್ಪ: ಜ್ಯಾಮಿತೀಯ ಜಲವರ್ಣ ಮತ್ತು ಪುಟಾಣಿ ಶಿಲ್ಪ ಮಾಡುವ ಬಗೆ

ಒಂದು ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಗೆರೆ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ. 25 ಮಿ.ಮೀ. ಚೌಕದಲ್ಲಿ ಅದೇ ಅರ್ಧ ಮಿಲಿಮೀಟರ್ ನೂರಕ್ಕೆ ಎರಡು ಪಾಲು. ಎಲ್ಲಿ ತಪ್ಪಿದೆ ಎಂದು ನೋಡುವವರಿಗೆ ಹೇಳಲು ಬಾರದು, ಏನೋ ಸೊಟ್ಟಗಿದೆ ಎಂದು ಮಾತ್ರ ಅನ್ನಿಸುತ್ತದೆ. ಸಣ್ಣ ಕೆಲಸದಲ್ಲಿ ಬಣ್ಣಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅಂಚು. ಅದಕ್ಕೇ ಇಲ್ಲಿ ಹೆಚ್ಚಿನ ಮಾತು ಅಂಚಿನದ್ದು: ಮೊದಲು ಕಾಗದದ ಮೇಲೆ ಬಣ್ಣ ನಿಲ್ಲುವ ಅಂಚು, ಆಮೇಲೆ ರಟ್ಟು, ಮರ, ಪ್ಲಾಸ್ಟರುಗಳ ಅಂಚು. ಚಿತ್ರ ಮತ್ತು ಶಿಲ್ಪ ಎರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಚೌಕಕ್ಕೆ ಬಣ್ಣ ತುಂಬಿ ಪಳಗಿದ ಕೈಗೆ ಘನದ ಮೂಲೆ ಕೂಡಿಸುವುದು ಬೇಗ ಒಗ್ಗುತ್ತದೆ. ಘನ ಕಟ್ಟಿ ನೋಡಿದವರು ಚಿತ್ರದಲ್ಲಿ ಜಾಗವನ್ನು ಬೇರೆಯೇ ಬಗೆಯಲ್ಲಿ ಹಂಚುತ್ತಾರೆ.

ಕಾಗದ, ಬಣ್ಣ, ಕುಂಚ

ಪೂರ್ತಿ ಹತ್ತಿಯ, 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಕಾಗದ ತೆಗೆದುಕೊಳ್ಳಿ. ಹಾಟ್ ಪ್ರೆಸ್ ಎಂಬುದು ನುಣುಪು ಕಾಗದ. ಅದರ ಮೇಲೆ ಅಂಚು ಕತ್ತರಿಸಿದಂತೆ ಬರುತ್ತದೆ, ಆದರೆ ಬಣ್ಣ ಮೇಲ್ಮೈಯಲ್ಲೇ ನಿಲ್ಲುವುದರಿಂದ ಕುಂಚ ತಡೆದಲ್ಲೆಲ್ಲ ಗುರುತು ಉಳಿಯುತ್ತದೆ. ಕೋಲ್ಡ್ ಪ್ರೆಸ್ ತುಸು ತರಿತರಿ. ಬಣ್ಣ ಸಮನಾಗಿ ಕೂರುತ್ತದೆ, ಆದರೆ ಟೇಪಿನ ಅಡಿಯಲ್ಲಿ ನುಸುಳುತ್ತದೆ. ಆಕಾರ 10 ಮಿ.ಮೀ.ಗಿಂತ ಚಿಕ್ಕದಾದರೆ ಹಾಟ್ ಪ್ರೆಸ್, ಅದಕ್ಕಿಂತ ದೊಡ್ಡದಾದರೆ ಸಣ್ಣ ತರಿಯ ಕೋಲ್ಡ್ ಪ್ರೆಸ್ ನಮ್ಮ ಆಯ್ಕೆ. ಮರದ ತಿರುಳಿನ ಅಗ್ಗದ ಕಾಗದ ಮೊದಲ ಪದರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಎರಡನೆಯ ಪದರ ಹಾಕುವಾಗ ಕೆಳಗಿನ ಬಣ್ಣ ಎದ್ದು ಬರುತ್ತದೆ.

ಹಳೆಯ ಕಾಗದವಾದರೆ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಕೆಲಹೊತ್ತು ಗುಂಡಗೆ ನಿಂತರೆ ಕಾಗದದ ಸೈಜಿಂಗ್, ಅಂದರೆ ನೀರು ತಡೆಯುವ ಗಂಜಿಪದರ, ಗಟ್ಟಿಯಾಗಿದೆ. ತಕ್ಷಣ ಇಂಗಿ ಕಪ್ಪು ಕಲೆಯಾದರೆ ಅದು ಹೋಗಿದೆ ಎಂದು ತಿಳಿಯಿರಿ. ಅಂಥ ಕಾಗದದ ಮೇಲೆ ಎಷ್ಟೇ ಕಷ್ಟಪಟ್ಟರೂ ಅಂಚು ನಿಲ್ಲದು. ಅದನ್ನು ಬಣ್ಣ ಪರೀಕ್ಷಿಸಲು ಬಳಸಿ.

ಬಣ್ಣ ಆರು ಸಾಕು. ಟ್ಯೂಬಿನ ಹೆಸರನ್ನಲ್ಲ, ಅದರ ಮೇಲೆ ಸಣ್ಣ ಅಕ್ಷರದಲ್ಲಿರುವ ವರ್ಣದ್ರವ್ಯದ ಸಂಕೇತವನ್ನು ನೋಡಿ ಕೊಳ್ಳಿ: ಹಳದಿಗೆ ಪಿವೈ 154, ಗುಲಾಬಿಗೆ ಪಿವಿ 19, ಅಲ್ಟ್ರಾಮರೀನ್ ನೀಲಿಗೆ ಪಿಬಿ 29, ಥ್ಯಾಲೋ ನೀಲಿಗೆ ಪಿಬಿ 15, ಥ್ಯಾಲೋ ಹಸಿರಿಗೆ ಪಿಜಿ 7, ಮಣ್ಣುಗೆಂಪಿಗೆ ಪಿಬಿಆರ್ 7. ಟ್ಯೂಬಿಗೆ ಒಂದೊಂದೇ ಸಂಕೇತವಿರುವ ಬಣ್ಣಗಳನ್ನು ಬೆರೆಸಿದರೆ ಏನು ಬರುತ್ತದೆ ಎಂದು ಮೊದಲೇ ಹೇಳಬಹುದು. ಮೂರ್ನಾಲ್ಕು ಸಂಕೇತ ಸೇರಿದ ಬಣ್ಣ ಬೆರೆಸಿದರೆ ಬೇಗ ಕೊಳಕಾಗುತ್ತದೆ. ಹಳೆಯ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ಬೆಳಕಿಗೆ ಮಾಸುವ ಬಣ್ಣ. ನಾಲ್ಕೇ ಚೌಕಗಳ ಚಿತ್ರದಲ್ಲಿ ಒಂದು ಮಾಸಿದರೆ ಚಿತ್ರವೇ ಹೋಯಿತು, ಅದನ್ನು ಕೊಳ್ಳಬೇಡಿ. ಅಲ್ಟ್ರಾಮರೀನ್ ಒಣಗುವಾಗ ಕಣಕಣವಾಗಿ ಕೂರುತ್ತದೆ. ಎಲ್ಲ ಚೌಕಗಳೂ ನುಣುಪಾಗಿರಬೇಕಾದ ಕಡೆ ಆ ಜಾಗಕ್ಕೆ ಥ್ಯಾಲೋ ನೀಲಿಯನ್ನು ತೆಳುಮಾಡಿ ಬಳಸಿ.

ಚಿಕ್ಕ ಚಿತ್ರಕ್ಕೆ ಚಿಕ್ಕ ಕುಂಚ ಎಂಬುದು ಮೊದಲ ತಪ್ಪು ಎಣಿಕೆ. ಸೊನ್ನೆ ನಂಬರಿನ ಕುಂಚದಲ್ಲಿ ಬಣ್ಣ ಅರ್ಧ ಚೌಕಕ್ಕೇ ಮುಗಿಯುತ್ತದೆ. ಮತ್ತೆ ಅದ್ದಿ ತರುವಷ್ಟರಲ್ಲಿ ಮೊದಲ ಅರ್ಧ ಒಣಗಿ ಗೆರೆ ಕಟ್ಟಿರುತ್ತದೆ. ತುದಿ ಚೂಪಾಗಿ ಕೂಡುವ 4 ಅಥವಾ 6 ನಂಬರಿನ ದುಂಡು ಕುಂಚ ಬೇಕು. ಹೊಟ್ಟೆಯಲ್ಲಿ ಬಣ್ಣ ಹಿಡಿದುಕೊಂಡು ತುದಿಯಲ್ಲಿ ಗೆರೆ ಎಳೆಯುವಂಥದ್ದು.

ಗೆರೆ ಹಾಕುವಾಗ

ಪೆನ್ಸಿಲ್ ಎಚ್ ಇರಲಿ. 2ಎಚ್ ಕಾಗದದಲ್ಲಿ ಗೀರು ಬೀಳಿಸುತ್ತದೆ, ಬಣ್ಣ ಆ ಗೀರಿನಲ್ಲಿ ನಿಂತು ಗಾಢ ಗೆರೆಯಾಗುತ್ತದೆ. ಬಿ ಸರಣಿಯದು ಕೈಗೆ ತಾಗಿ ಹರಡುತ್ತದೆ. ಬಣ್ಣ ಹಚ್ಚುವ ಮೊದಲೇ ಮಿದುವಾದ ನಾದುವ ರಬ್ಬರನ್ನು ಒತ್ತಿ ತೆಗೆದು ಗೆರೆಯನ್ನು ಅರೆಮಾಸಲು ಮಾಡಿ. ಹಳದಿಯಂಥ ತಿಳಿ ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡ ಪೆನ್ಸಿಲ್ ಗೆರೆ ಮತ್ತೆ ಹೋಗುವುದು ಕಷ್ಟ.

ಅಳತೆಯನ್ನು ಒಂದೇ ಅಂಚಿನಿಂದ ಗುರುತು ಮಾಡಿ. ಸ್ಕೇಲನ್ನು ಪ್ರತಿ ಚೌಕಕ್ಕೂ ಸರಿಸುತ್ತ ಹೋದರೆ ಒಂದೊಂದು ಸಲದ ಕೂದಲೆಳೆಯ ತಪ್ಪು ಕೂಡಿಕೊಂಡು ಕೊನೆಯ ಚೌಕ ಒಂದು ಮಿಲಿಮೀಟರ್ ಕಿರಿದಾಗುತ್ತದೆ. ಉದಾಹರಣೆಗೆ 150 ಮಿ.ಮೀ. ಚೌಕದ ಕಾಗದದಲ್ಲಿ 25 ಮಿ.ಮೀ.ನ ನಾಲ್ಕು ಚೌಕ, ನಡುವೆ 1 ಮಿ.ಮೀ. ಬಿಳಿ ಸಂದು ಬೇಕು ಎನ್ನಿ. ಚೌಕ, ಸಂದು ಸೇರಿ 103. ಉಳಿದ 47ನ್ನು ಎರಡು ಬದಿಗೆ ಹಂಚಿದರೆ 23.5. ಸ್ಕೇಲನ್ನು ಅಲುಗಿಸದೆ 23.5, 48.5, 49.5, 74.5, 75.5, 100.5, 101.5, 126.5ರಲ್ಲಿ ಚುಕ್ಕೆ ಇಡಿ. ಎದುರು ಬದಿಯಲ್ಲೂ ಹೀಗೆಯೇ ಇಟ್ಟು ಸೇರಿಸಿ.

ಒಂದು ಚೌಕ ತುಂಬುವುದು

ಇಲ್ಲಿ ಅವಸರ ಬೇಡ, ಇದೇ ಇಡೀ ಕೆಲಸದ ತಿರುಳು.

25 ಮಿ.ಮೀ. ಚೌಕ ಕುಡಿಯುವುದು ಎರಡು ಮೂರು ಹನಿ ಬಣ್ಣ. ಆದರೂ ಕಲಸುವುದು ಕನಿಷ್ಠ 20 ಹನಿ, ಅಂದರೆ ಸುಮಾರು 1 ಮಿ.ಲೀ. ಇರಲಿ. ಕುಂಚ ತನ್ನ ಪಾಲು ಹಿಡಿದುಕೊಳ್ಳುತ್ತದೆ, ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಕಲಸಲು ಬರುವುದಿಲ್ಲ. ಅದೇ ಕಾಗದದ ತುಂಡಿನ ಮೇಲೆ ಹಚ್ಚಿ, ಪೂರ್ತಿ ಒಣಗಿಸಿ ನೋಡಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಹಸಿಯಿದ್ದಾಗ ಸರಿ ಎನ್ನಿಸಿದ್ದು ಒಣಗಿದ ಮೇಲೆ ಪೇಲವವಾಗಿ ಕಾಣುತ್ತದೆ.

ಕಾಗದವನ್ನು 20 ಸೆಂ.ಮೀ. ಹಲಗೆಗೆ ಅಂಟಿಸಿ ಹಿಂದಿನ ಬದಿಯನ್ನು 4 ಸೆಂ.ಮೀ. ಎತ್ತಿ. ಕುಂಚದ ತುಂಬ ಬಣ್ಣ ತೆಗೆದುಕೊಂಡು ಮೇಲಿನ ಎಡಮೂಲೆಯಲ್ಲಿ ತುದಿ ಊರಿ, ಮೊದಲು ಮೇಲಿನ ಅಂಚನ್ನು ಎಳೆಯಿರಿ. ಗೆರೆಯ ಕೆಳಗಡೆ ಬಣ್ಣ ಉಬ್ಬಿ ಸಣ್ಣ ಏರಿಯಂತೆ ನಿಲ್ಲುತ್ತದೆ, ಬೆಳಕಿಗೆ ಓರೆಯಾಗಿ ನೋಡಿದರೆ ಹೊಳೆಯುವ ದಾರದಂತೆ ಕಾಣುತ್ತದೆ. ಇನ್ನು ಕಣ್ಣಿರಬೇಕಾದದ್ದು ಆ ದಾರದ ಮೇಲೆ. ಅದನ್ನು ಕುಂಚದ ತುದಿಯಿಂದ ಎಡಕ್ಕೂ ಬಲಕ್ಕೂ ಎಳೆದು ಕೆಳಗಿಳಿಸುತ್ತ ಬನ್ನಿ. ಸೊರಗಿದಂತೆ ಕಂಡರೆ ಮತ್ತೆ ಕುಂಚ ಅದ್ದಿ, ಆದರೆ ಒಣಗಲು ಬಿಡಬೇಡಿ. ಕೆಳಗಿನ ಅಂಚು ತಲುಪಿದಾಗ ಏರಿ ಅಲ್ಲೇ ನಿಂತಿರುತ್ತದೆ. ಕುಂಚವನ್ನು ತೊಳೆದು, ಬಟ್ಟೆಗೆ ಒತ್ತಿ, ಅದರ ತುದಿಯನ್ನು ಏರಿಗೆ ತಾಗಿಸಿದರೆ ಹೆಚ್ಚಿನ ಬಣ್ಣವನ್ನು ಅದೇ ಹೀರಿಕೊಳ್ಳುತ್ತದೆ. ಅಷ್ಟೇ. ಹಿಂದೆ ತಿರುಗಿ ತಿದ್ದಬೇಡಿ.

ಕೊನೆಯ ಹೆಜ್ಜೆ ಬಿಟ್ಟರೆ ಏರಿಯ ಬಣ್ಣ ಅರೆ ಒಣಗಿದ ಭಾಗಕ್ಕೆ ಹಿಂದಿರುಗಿ ಹೂಕೋಸಿನ ಆಕಾರದ ಕಲೆ ಬೀಳುತ್ತದೆ. ಅರೆ ಒಣಗಿದ ಜಾಗದ ಮೇಲೆ ಹೆಚ್ಚು ನೀರಿನ ಕುಂಚ ಇಟ್ಟರೂ ಇದೇ ಗತಿ: ಹೊಸ ನೀರು ಅಲ್ಲಿದ್ದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಮೇಲ್ಮೈಯ ಹೊಳಪು ಹೋಗಿ ಮಂಕಾದ ಕ್ಷಣದಿಂದ ಪೂರ್ತಿ ಒಣಗುವವರೆಗೆ ಆ ಚೌಕವನ್ನು ಮುಟ್ಟಬಾರದು.

ಚೌಕದ ಸುತ್ತ ತೆಳುವಾದ ಗಾಢ ಗೆರೆ ಕಟ್ಟುವುದು ಇನ್ನೊಂದು ಸಂಗತಿ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ, ಅದನ್ನು ತುಂಬಲು ಒಳಗಿನ ನೀರು ಹೊರಕ್ಕೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಒಯ್ಯುತ್ತದೆ. ಕಾಫಿ ಹನಿ ಒಣಗಿದಾಗ ಉಂಗುರ ಬೀಳುವುದೂ ಹೀಗೆಯೇ. 1997ರಲ್ಲಿ ಭೌತವಿಜ್ಞಾನಿ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ನೀರು ಹೆಚ್ಚಿದಷ್ಟೂ ಗೆರೆ ದಪ್ಪ. ಬೇಡವೆಂದರೆ ಬಣ್ಣ ತುಸು ಗಟ್ಟಿಯಿರಲಿ, ಏರಿಯನ್ನು ಪೂರ್ತಿ ತೆಗೆಯಿರಿ, ಹಲಗೆಯನ್ನು ಸಪಾಟಾಗಿ ಮಲಗಿಸಿ ಒಣಗಿಸಿ. ಬೇಕೆಂದೇ ಉಳಿಸಿಕೊಂಡರೆ ಪ್ರತಿ ಚೌಕಕ್ಕೂ ತನ್ನದೇ ಬಣ್ಣದ ಹೊರಗೆರೆ ಪುಕ್ಕಟೆ ಸಿಗುತ್ತದೆ. ಎಷ್ಟೋ ಒಳ್ಳೆಯ ಚಿತ್ರಗಳ ಜೀವ ಆ ಗೆರೆಯಲ್ಲೇ ಇರುತ್ತದೆ.

ಸಂದಿಲ್ಲದೆ ಒಂದಕ್ಕೊಂದು ತಾಗುವ ಚೌಕಗಳಾದರೆ ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ತುಂಬಿ. ಒಣಗಿದ ಮೇಲೆ ಉಳಿದವು. ಒಣಗಿದೆಯೇ ಎಂದು ತಿಳಿಯಲು ಬೆರಳಿನ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಟೇಪು, ಮಾಸ್ಕಿಂಗ್ ದ್ರವ, ರೂಲಿಂಗ್ ಪೆನ್

ಟೇಪು ಹಚ್ಚಿದರೆ ಅಂಚು ತಾನಾಗಿ ನೇರ ಬರುತ್ತದೆ ಎಂದು ನಂಬಬೇಡಿ. ಕಡಿಮೆ ಅಂಟಿನ ಕಾಗದದ ಟೇಪು ತೆಗೆದುಕೊಂಡು, ಬಣ್ಣ ತಾಗುವ ಅಂಚನ್ನಷ್ಟೇ ಉಗುರಿನಿಂದಲೋ ಚಮಚದ ಬೆನ್ನಿನಿಂದಲೋ ಉಜ್ಜಿ ಕೂರಿಸಿ. ಅಲ್ಲಿಗೆ ಮೊದಲು ತೀರ ಕಡಿಮೆ ನೀರಿನ ಬಣ್ಣವನ್ನು ಟೇಪಿನಿಂದ ಕಾಗದದ ಕಡೆಗೆ ಒಮ್ಮೆ ಸವರಿ ಒಣಗಿಸಿ. ನುಸುಳುವ ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಪೂರ್ತಿ ಬಣ್ಣ. ತೆಗೆಯುವಾಗ ಟೇಪನ್ನು ಅದರ ಮೇಲೆಯೇ ಮಡಚಿದಂತೆ ಹಿಂದಕ್ಕೆ, ಚಿತ್ರದಿಂದ ಹೊರಗಡೆಗೆ, ನಿಧಾನವಾಗಿ ಎಳೆಯಿರಿ. ನೇರ ಮೇಲಕ್ಕೆ ಎತ್ತಿದರೆ ಕಾಗದದ ಸಿಪ್ಪೆಯೇ ಬರುತ್ತದೆ, ಹಾಟ್ ಪ್ರೆಸ್‌ನಲ್ಲಂತೂ ಖಂಡಿತ. ಗಟ್ಟಿಯಾಗಿ ಹಿಡಿದಿದ್ದರೆ ಹೇರ್ ಡ್ರೈಯರಿನಿಂದ ಕೆಲ ಸೆಕೆಂಡು ಬಿಸಿ ಮಾಡಿ.

ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಹಚ್ಚುವ ಮಾಸ್ಕಿಂಗ್ ದ್ರವಕ್ಕೆ ಮಾತ್ರ ಬಿಸಿ ತಾಗಿಸಬಾರದು. ಅದು ರಬ್ಬರ್ ಹಾಲು, ಬಿಸಿಗೆ ಕಾಗದದೊಳಗೇ ಬೆಸೆದುಕೊಳ್ಳುತ್ತದೆ. ಹಚ್ಚಿದ ದಿನವೇ ತೆಗೆದುಬಿಡಿ. ಕುಂಚವನ್ನು ಮೊದಲು ಸಾಬೂನಿನಲ್ಲಿ ಅದ್ದಿಕೊಳ್ಳದಿದ್ದರೆ ಆ ಕುಂಚದ ಆಸೆ ಬಿಡಬೇಕು.

ಅರ್ಧ ಮಿಲಿಮೀಟರಿನ ಬಣ್ಣದ ಗೆರೆಗೆ ರೂಲಿಂಗ್ ಪೆನ್ನಿಗೆ ಸಮನಾದದ್ದಿಲ್ಲ. ಬಣ್ಣದಲ್ಲಿ ಅದ್ದಬೇಡಿ, ಎರಡು ಅಲಗುಗಳ ನಡುವೆ ಕುಂಚದಿಂದ ಬಣ್ಣ ತುಂಬಿ, ಹೊರಬದಿ ಒರೆಸಿ. ಸ್ಕೇಲಿನ ಅಡಿಗೆ ಎರಡು ಪದರ ಟೇಪು ಅಂಟಿಸಿ ಅಂಚನ್ನು ಕಾಗದದಿಂದ ಎತ್ತಿರಿ. ಇಲ್ಲವಾದರೆ ಬಣ್ಣ ಸ್ಕೇಲಿನ ಅಡಿಗೆ ಹರಿದು ಅಲ್ಲಿಯವರೆಗಿನ ಕೆಲಸವೆಲ್ಲ ಹಾಳು.

ಪದರದ ಮೇಲೆ ಪದರ

ಹಳದಿ ಚೌಕದ ಮೇಲೆ ಗುಲಾಬಿ ತ್ರಿಕೋನ ಅರ್ಧ ಹಾಯ್ದರೆ ಹಾಯ್ದಲ್ಲಿ ಕಿತ್ತಳೆ ಹುಟ್ಟುತ್ತದೆ. ಎರಡೇ ಆಕಾರದಿಂದ ಮೂರು ಬಣ್ಣ. ಇದಕ್ಕೆ ಪಾರದರ್ಶಕ ಬಣ್ಣ ಬೇಕು, ಕ್ಯಾಡ್ಮಿಯಂನಿಂದ ಮಾಡಿದ ಬಣ್ಣಗಳು ಅಡಿಯದನ್ನು ಮುಚ್ಚಿಬಿಡುತ್ತವೆ. ಕಾಗದಕ್ಕೆ ಕಲೆಯಂತೆ ಹಿಡಿಯುವ ಥ್ಯಾಲೋಗಳು ಅಡಿಗೆ ಇರಲಿ, ಸುಲಭವಾಗಿ ಏಳುವ ಅಲ್ಟ್ರಾಮರೀನ್ ಮೇಲಕ್ಕೆ. ಕುಂಚ ಒಂದು ಜಾಗದ ಮೇಲೆ ಒಂದೇ ಸಲ ಹಾಯಬೇಕು. ನಾಲ್ಕನೆಯ ಪದರದ ಹೊತ್ತಿಗೆ ಸಾಮಾನ್ಯವಾಗಿ ಬೆಳಕು ಸತ್ತುಹೋಗಿರುತ್ತದೆ, ಮೂರಕ್ಕೆ ನಿಲ್ಲಿಸಿ.

ಗೆರೆ ದಾಟಿದ ಬಣ್ಣವನ್ನು ಪೂರ್ತಿ ಒಣಗಿದ ಮೇಲೆ ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯಬಹುದು, ಆಮೇಲೆ ಚಮಚದ ಬೆನ್ನಿನಿಂದ ಆ ಜಾಗವನ್ನು ಉಜ್ಜಿ. ಇದು ಕಟ್ಟಕಡೆಯ ಕೆಲಸ. ಕೆರೆದ ಜಾಗ ಬಣ್ಣವನ್ನು ಬಾಯಿ ತೆರೆದು ಕುಡಿಯುತ್ತದೆ, ಅದರ ಮೇಲೆ ಮತ್ತೆ ಹಚ್ಚಲಾಗದು.

ಚಿತ್ರವನ್ನೇ ಮಡಚಿ ಶಿಲ್ಪ

1914ರ ಟುನೀಶಿಯಾ ಪಯಣದಲ್ಲಿ ಚಿತ್ರಕಾರ ಪೌಲ್ ಕ್ಲೇ ಊರನ್ನೂ ತೋಟವನ್ನೂ ಬಣ್ಣದ ಚೌಕಗಳಾಗಿ ಜಲವರ್ಣದಲ್ಲಿ ಹಿಡಿದರು. ಅಂಥ ಚೌಕಗಳನ್ನು ಎತ್ತಿ ನಿಲ್ಲಿಸಿದರೆ ಹೇಗಿರುತ್ತದೆ ಎಂದು ನೋಡುವುದು ಶಿಲ್ಪಕ್ಕೆ ಇಳಿಯಲು ಸುಲಭದ ದಾರಿ.

300 ಜಿಎಸ್ಎಂ ಕಾಗದದ ಮೇಲೆ 30 ಮಿ.ಮೀ. ಘನವನ್ನು ಬಿಡಿಸಿಟ್ಟ ಆಕಾರ ಬರೆಯಿರಿ: ಆರು ಚೌಕ, ಏಳು ಅಂಟುಪಟ್ಟಿ. ಪಟ್ಟಿ 6 ಮಿ.ಮೀ. ಅಗಲ, ತುದಿಗಳು 45 ಡಿಗ್ರಿಗೆ ಓರೆ. ಕಾಗದ ಹಲಗೆಯ ಮೇಲಿರುವಾಗಲೇ ಬಣ್ಣ ಹಚ್ಚಿ ಒಣಗಿಸಿ. ಕತ್ತರಿಸಿದ ಮೇಲೆ ಹಚ್ಚಿದರೆ ಸುರುಳಿಕೊಳ್ಳುತ್ತದೆ. ಮಡಿಕೆಯ ಗೆರೆಯನ್ನು ಹೊರಬದಿಯಲ್ಲಿ ಕಾಗದದ ಅರ್ಧ ದಪ್ಪದಷ್ಟೇ ಕೊಯ್ದು ಮಡಚಿದರೆ ಅಂಚು ಚೂಪು. ಒತ್ತಿ ಗೀರಿ ಮಡಚಿದರೆ ಅಂಚು ದುಂಡಗೆ. ಕೊಯ್ದ ಅಂಚಿನಲ್ಲಿ ಬಿಳಿ ನಾರು ಕಾಣುತ್ತದೆ. ಪ್ಯಾಲೆಟ್ಟಿನಲ್ಲಿ ಒಣಗಿದ ಅದೇ ಬಣ್ಣವನ್ನು ಅರೆ ಒದ್ದೆ ಕುಂಚದಿಂದ ಎಬ್ಬಿಸಿ ಆ ಗೆರೆಗೆ ಸವರಿ, ಕೆಲಸ ಮುಗಿಯುವವರೆಗೆ ಪ್ಯಾಲೆಟ್ ತೊಳೆಯಬೇಡಿ.

ರಟ್ಟಿನ ಘನ: ದಪ್ಪದ ಲೆಕ್ಕ

ಮೊದಲ ಸಲ ರಟ್ಟಿನಲ್ಲಿ ಘನ ಮಾಡುವವರು 30 ಮಿ.ಮೀ.ನ ಆರು ಚೌಕ ಕತ್ತರಿಸುತ್ತಾರೆ, ಜೋಡಿಸುವಾಗ ಕೂಡುವುದೇ ಇಲ್ಲ. ರಟ್ಟಿಗೆ ದಪ್ಪವಿದೆ. 1 ಮಿ.ಮೀ. ರಟ್ಟಿನಲ್ಲಿ ಹೊರ ಅಳತೆ 30 ಬೇಕಾದರೆ ಮೇಲೆ ಕೆಳಗೆ 30 × 30ರ ಎರಡು, ಎದುರು ಬದುರು 30 × 28ರ ಎರಡು, ಅವುಗಳ ನಡುವೆ 28 × 28ರ ಎರಡು. ರಟ್ಟಿನ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ, 1 ಎಂದು ಬರೆದದ್ದು 1.1 ಇರಬಹುದು.

ಕತ್ತರಿಸುವುದು ಒಂದೇ ಏಟಿಗಲ್ಲ. ಮೊದಲ ಎಳೆತ ಹಗುರ, ದಾರಿ ಮಾಡಲಷ್ಟೇ. ನಂತರ ನಾಲ್ಕೈದು ಸಲ ಅದೇ ದಾರಿಯಲ್ಲಿ. ಒತ್ತಿದರೆ ಅಲಗು ಓರೆಯಾಗಿ, ಮೇಲೆ 30 ಇದ್ದದ್ದು ಕೆಳಗೆ 30.5 ಆಗುತ್ತದೆ. ಪ್ರತಿ ಘನಕ್ಕೂ ಅಲಗಿನ ಮೊಂಡು ತುದಿ ಮುರಿದು ಹೊಸ ತುದಿ ತೆಗೆದುಕೊಳ್ಳಿ. ರಟ್ಟಿನ ಅಂಚು ನಾರುನಾರಾಗಿದ್ದರೆ ನೀರಿನಂಥ ತೆಳು ಸೂಪರ್‌ಗ್ಲೂ ಕುಡಿಸಿ, ಗಟ್ಟಿಯಾದ ಮೇಲೆ 400 ನಂಬರಿನ ಉಪ್ಪುಕಾಗದ ಉಜ್ಜಿ. ಕಿಟಕಿ ತೆರೆದಿರಲಿ.

ಕಡ್ಡಿಯ ತೆರೆದ ಘನ

3 ಮಿ.ಮೀ. ಚೌಕದ ಮರದ ಕಡ್ಡಿಯಿಂದ 36 ಮಿ.ಮೀ. ಘನ: 36 ಉದ್ದದ ನಾಲ್ಕು, 30 ಉದ್ದದ ಎಂಟು. ಒಟ್ಟು 384 ಮಿ.ಮೀ., ಗರಗಸ ತಿನ್ನುವುದು ಸೇರಿಸಿ 420 ಇಟ್ಟುಕೊಳ್ಳಿ. ಎರಡು 36, ಎರಡು 30 ಸೇರಿ ಒಂದು ಚೌಕಟ್ಟು. ಅಂಥವು ಎರಡು, ನಡುವೆ ಉಳಿದ ನಾಲ್ಕು ಕಂಬ. ಕಡ್ಡಿಗಳನ್ನು ಒಂದೊಂದಾಗಿ ಅಳೆಯಬೇಡಿ. ಹಲಗೆಗೆ ಒಂದು ತಡೆ ಅಂಟಿಸಿ, ಅದಕ್ಕೆ ತಾಗಿಸಿ ಎಲ್ಲವನ್ನೂ ಕೊಯ್ಯಿರಿ. ಉದ್ದ ಬೇಕಾದದ್ದಕ್ಕಿಂತ ತುಸು ಹೆಚ್ಚುಕಮ್ಮಿಯಾದರೂ ಪರವಾಗಿಲ್ಲ, ಎಂಟೂ ಒಂದೇ ಆಗಿರಬೇಕು.

ಬಿಳಿ ಮರದಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಇಡಿ. ಒತ್ತಿದಾಗ ಸಂದಿನಿಂದ ಹೊರಬಂದ ಅಂಟನ್ನು ಹಸಿಯಿರುವಾಗಲೇ ಒದ್ದೆ ಕುಂಚದಿಂದ ತೆಗೆಯಿರಿ. ಒಣಗಿದ ಅಂಟಿನ ಮೇಲೆ ಜಲವರ್ಣ ಹಿಡಿಯುವುದಿಲ್ಲ, ಮೂಲೆ ಮೂಲೆಯಲ್ಲೂ ಬೋಳು ಕಲೆ ಉಳಿಯುತ್ತದೆ. ಅಂಟು ಗಟ್ಟಿಯಾಗುವ ಮೊದಲು ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. ಎರಡೂ 50.9ರ ಆಸುಪಾಸಿನಲ್ಲಿ ಸಮ ಬಂದರೆ ಮೂಲೆ ನೇರ. ಅರ್ಧ ಗಂಟೆ ಅಲುಗಿಸಬೇಡಿ, ಪೂರ್ತಿ ಬಲಕ್ಕೆ ಒಂದು ದಿನ.

ಇಲ್ಲಿಂದ ಮುಂದಿನದು ಆಟದಷ್ಟು ಚೆಂದ. ಹನ್ನೆರಡು ಅಂಚುಗಳಲ್ಲಿ ಕೆಲವನ್ನು ಬಿಟ್ಟುಬಿಡಿ. ಉಳಿದವು ಒಂದಕ್ಕೊಂದು ಕೂಡಿಕೊಂಡಿರಬೇಕು, ಮೂರೂ ದಿಕ್ಕಿಗೆ ಚಾಚಿರಬೇಕು. ಅಮೆರಿಕದ ಕಲಾವಿದ ಸೋಲ್ ಲೆವಿಟ್ 1974ರಲ್ಲಿ ಈ ನಿಯಮದಲ್ಲಿ, ತಿರುಗಿಸಿದರೆ ಒಂದೇ ಆಗುವುದನ್ನು ಬಿಟ್ಟು, 3ರಿಂದ 11 ಅಂಚುಗಳವರೆಗಿನ 122 ರೂಪಗಳನ್ನು ಕಂಡುಕೊಂಡರು. ಐದಾರು ಮಾಡಿ ಸಾಲಾಗಿ ಇಟ್ಟು ನೋಡಿ. ಇಲ್ಲದ ಅಂಚನ್ನು ಕಣ್ಣು ತಾನೇ ಎಳೆದುಕೊಳ್ಳುತ್ತದೆ.

ಪ್ಲಾಸ್ಟರ್

ಅಚ್ಚಿಗೆ ಲೆಕ್ಕ ತಿರುಗುಮುರುಗು, ಈಗ ಒಳ ಅಳತೆ 30 ಬೇಕು. 1 ಮಿ.ಮೀ. ರಟ್ಟಿನಲ್ಲಿ ತಳ 32 × 32, ಗೋಡೆ 32 × 30ರ ಎರಡು, 30 × 30ರ ಎರಡು. ಒಳಮುಖಕ್ಕೆ ಮೊದಲೇ ಪ್ಯಾಕಿಂಗ್ ಟೇಪು ಸುಕ್ಕಿಲ್ಲದೆ ಹಚ್ಚಿ. ರಟ್ಟು ನೀರು ಹೀರದು, ಪ್ಲಾಸ್ಟರ್ ಅಂಟದು. ಟೇಪಿನ ಒಂದೊಂದು ಸುಕ್ಕೂ ಘನದ ಮೈಮೇಲೆ ಮೂಡುತ್ತದೆ.

20 ಮಿ.ಲೀ. ನೀರಿಗೆ 35 ಗ್ರಾಂ ಪ್ಲಾಸ್ಟರ್ ಆಫ್ ಪ್ಯಾರಿಸ್. ಪುಡಿಯನ್ನು ನೀರಿಗೆ ಉದುರಿಸಬೇಕು, ಪುಡಿಗೆ ನೀರು ಹೊಯ್ದರೆ ಗಂಟು. ಒಂದು ನಿಮಿಷ ನೆನೆಯಲು ಬಿಟ್ಟು ಗಾಳಿ ಸೇರದಂತೆ ಮೆಲ್ಲಗೆ ಕದಡಿ. ಅಚ್ಚಿನ ಒಂದು ಮೂಲೆಗೆ ಸಣ್ಣ ಧಾರೆಯಾಗಿ ಹೊಯ್ದು ಮೇಜನ್ನು ಹತ್ತು ಹದಿನೈದು ಸಲ ತಟ್ಟಿದರೆ ಗುಳ್ಳೆಗಳು ಮೇಲೇಳುತ್ತವೆ. ಗಟ್ಟಿ ಬೆಣ್ಣೆಯ ಹದಕ್ಕೆ ಬಂದಾಗ ಸ್ಟೀಲ್ ಸ್ಕೇಲಿನಿಂದ ಮೇಲ್ಮೈ ಸವರಿ. ನಂತರ ಬೆಚ್ಚಗಾಗುತ್ತದೆ; ಬಿಸಿ ಏರಿ ಇಳಿದ ಮೇಲೆಯೇ ಅಚ್ಚು ಬಿಚ್ಚಿ, ಮೊದಲೇ ಬಿಚ್ಚಿದರೆ ಮೂಲೆ ಉದುರುತ್ತದೆ. ಪುಡಿ ಕಲಸುವಾಗ ಮಾಸ್ಕ್ ಇರಲಿ. ಗಟ್ಟಿಯಾಗುತ್ತಿರುವ ಪ್ಲಾಸ್ಟರಿನೊಳಗೆ ಕೈ ಇಡಬೇಡಿ, ದೊಡ್ಡ ಮುದ್ದೆಯಾದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಉಳಿದದ್ದನ್ನು ಸಿಂಕಿಗೆ ಸುರಿದರೆ ಕೊಳವೆಯೊಳಗೇ ಕಲ್ಲಾಗುತ್ತದೆ.

ಮೂರ್ನಾಲ್ಕು ದಿನ ಗಾಳಿಗೆ ಒಣಗಿಸಿ. ಒಣ ಪ್ಲಾಸ್ಟರ್ ಮೊದಲ ಕುಂಚವನ್ನೇ ಗಟಕ್ಕನೆ ಹೀರಿ ಗುರುತು ಉಳಿಸಿಕೊಳ್ಳುತ್ತದೆ. ಬಣ್ಣ ಹಚ್ಚುವ ಮುಖವನ್ನು ಬರಿ ನೀರಿನಿಂದ ತೇವ ಮಾಡಿಕೊಂಡು, ಹೊಳಪು ಇಂಗಿದ ಮೇಲೆ ತೆಳು ಬಣ್ಣ ಎರಡು ಮೂರು ಸಲ ಸವರಿ.

ಇಡುವುದು

1970ರ ದಶಕದ ಆರಂಭದಲ್ಲಿ ಶಿಲ್ಪಿ ಜೋಯಲ್ ಶಪಿರೊ ಎರಕದ ಪುಟ್ಟ ಕುರ್ಚಿ, ಮನೆಗಳನ್ನು ಗ್ಯಾಲರಿಯ ಬರಿ ನೆಲದ ಮೇಲೆ ಇಟ್ಟರು. ಅಂಗೈಯಲ್ಲಿ ಹಿಡಿಯಬಹುದಾದ ವಸ್ತುವಿನ ಸುತ್ತ ಇಡೀ ಕೋಣೆ ಖಾಲಿ. ಪುಟಾಣಿ ಶಿಲ್ಪಕ್ಕೆ ಸುತ್ತಲಿನ ಜಾಗವೂ ಸಾಮಗ್ರಿಯೇ. 36 ಮಿ.ಮೀ. ಘನಕ್ಕೆ ಎಲ್ಲ ಬದಿಗೂ ಅದರ ಮೂರರಷ್ಟಾದರೂ ಖಾಲಿ ಜಾಗ ಬಿಡಿ. ಹತ್ತು ಶಿಲ್ಪ ಒಟ್ಟಿಗೆ ಗುಂಪುಗೂಡಿಸಿದರೆ ಆಟಿಕೆಯ ಅಂಗಡಿಯಾಗುತ್ತದೆ. ನಿಲ್ಲದ ಆಕಾರವಾದರೆ ಅಡಿಗೆ 1 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿಯ ತುಂಡಿನಿಂದ ಪೀಠಕ್ಕೆ ಸಿಗಿಸಿ. ಅಂಟಿಗಿಂತ ಇದು ಮೇಲು, ಬೇಕಾದಾಗ ಬಿಚ್ಚಬಹುದು.

ಜಲವರ್ಣಕ್ಕೆ ಆಮ್ಲವಿಲ್ಲದ ರಟ್ಟಿನ ಕಿಟಕಿ ಮೌಂಟ್, ಅಂದರೆ ನಡುವೆ ಕಿಟಕಿ ಕೊರೆದ ಚೌಕಟ್ಟು, ಹಾಕಿ, ಕಾಗದ ಗಾಜಿಗೆ ತಾಗದಿರಲಿ. ತಾಗಿದರೆ ತೇವ ಕಟ್ಟಿ ಬಣ್ಣ ಗಾಜಿಗೆ ಹಿಡಿಯುತ್ತದೆ. ಚಿತ್ರವನ್ನು ಮೇಲಿನ ಅಂಚಿನಲ್ಲಿ ಮಾತ್ರ ಎರಡು ಚಿಕ್ಕ ಜಪಾನಿ ಕಾಗದದ ಪಟ್ಟಿಗಳಿಂದ, ಗೋಧಿಗಂಜಿ ಹಚ್ಚಿ ತೂಗುಹಾಕಿ. ನಾಲ್ಕೂ ಬದಿ ಅಂಟಿಸಿದರೆ ಹವೆ ಬದಲಾದಂತೆ ಹಿಗ್ಗಿ ಕುಗ್ಗಲು ಜಾಗವಿಲ್ಲದೆ ಕಾಗದ ಉಬ್ಬುತ್ತದೆ. ಬಳಸಿದ ವರ್ಣದ್ರವ್ಯಗಳ ಸಂಕೇತವನ್ನೂ ತಾರೀಕನ್ನೂ ಹಿಂಬದಿಯ ಕೆಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ, ಒತ್ತಿ ಬರೆಯಬೇಡಿ, ಮುಂಬದಿಯಲ್ಲಿ ಗೀರು ಮೂಡುತ್ತದೆ.